ವರ್ಷಕ್ಕೆ ಮೂರು ದಿನದ ಡಾಕ್ಟರು

ಮಂದಾಬೆನ್ ಶಾಲಿನ ಅಂಚನ್ನು ಎಳೆದು ಗಂಡನ ಕೋಟಿನ ಮೇಲಿನ ಗುಂಡಿ ಮುಚ್ಚುತ್ತಿದ್ದಾಗ ಡಾಕ್ಟರ್ ಭಸೀನ್ ಪಕ್ಕಕ್ಕೆ ಬಂದು ನಿಂತರು. ಮೊದಲು ಶವಪೆಟ್ಟಿಗೆಗೆ ಕೈಮುಗಿದು, ಆಮೇಲೆ ದನಿ ತಗ್ಗಿಸಿದರು.

"ಭಾಭೀಜಿ, ಈಗ ಕೇಳಬಾರದು, ಆದ್ರೂ ಕೇಳ್ತಿದೀನಿ. ಡಾಕ್ಟರ್ ಸಾಬ್ ಲೈಸೆನ್ಸ್ ನಂಬರು ಮನೇಲಿ ಎಲ್ಲಾದ್ರೂ ಬರೆದಿಟ್ಟಿದಾರಾ?"

ಮಂದಾಬೆನ್ ಕೈ ಶಾಲಿನ ಮೇಲೆಯೇ ನಿಂತಿತು. "ಯಾಕೆ ಭಾಯ್?"

"ನಿನ್ನೆ ನಮ್ಮ ಭಾರತೀಯ ಡಾಕ್ಟರುಗಳ ಸಂಘದ ಕಮಿಟಿ ಸೇರಿತ್ತು. ಈ ವರ್ಷದ ಕನ್ವೆನ್ಷನ್‌ನಿಂದ ಮೊದಲನೇ ಉಪನ್ಯಾಸಕ್ಕೆ ಅವರ ಹೆಸರು. ಡಾಕ್ಟರ್ ದಿನಕರ ಅಂಜಾರಿಯಾ ಸ್ಮಾರಕ ಉಪನ್ಯಾಸ. ಎಲ್ಲರೂ ಒಂದೇ ಸಲಕ್ಕೆ ಕೈ ಎತ್ತಿದ್ರು, ನಮ್ಮ ಕಮಿಟೀಲಿ ಅಂಥದ್ದು ನಡೆದಿದ್ದೇ ಮೊದಲು! ಇವತ್ತು ನಾನೇ ಮೈಕಲ್ಲಿ ಹೇಳ್ತೀನಿ. ಫೈಲಿಗೆ ನಂಬರು ಬೇಕು, ಅಷ್ಟೇ. ಅವರು ಎಲ್ಲಿ ತರಬೇತಿ ಮಾಡಿದ್ರು, ಯಾವ ವರ್ಷ, ಅದೂ ಗೊತ್ತಾದ್ರೆ ಒಂದು ಸಾಲು ಸೇರಿಸ್ಕೋತೀನಿ. ನೋಡಿ, ಇಷ್ಟು ವರ್ಷ ಜೊತೇಲಿ ಕೆಲಸ ಮಾಡಿದ್ವಿ, ಒಂದಿನ ಕೇಳೇ ಇಲ್ಲ ನಾನು."

"ಹುಡುಕ್ತೀನಿ" ಎಂದರು ಮಂದಾಬೆನ್.

ಹುಡುಕುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ದಿನಕರಭಾಯ್ ಜಾಮ್‌ನಗರದಲ್ಲಿ ಎಂ.ಬಿ.ಬಿ.ಎಸ್. ಓದಿದ್ದು ನಿಜ. ಅಮೆರಿಕಕ್ಕೆ ಬಂದ ಮೇಲೆ ಇಲ್ಲಿಯ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿದ್ದೂ ನಿಜ. ಆದರೆ ಪಾಸಾದರೆ ಮುಗಿಯಲಿಲ್ಲ, ಯಾವುದಾದರೊಂದು ಆಸ್ಪತ್ರೆ ತರಬೇತಿಗೆ ಕರೆದುಕೊಳ್ಳಬೇಕು. ಅರವತ್ತು ಕಾಗದ ಬರೆದರು. ಹದಿನೆಂಟು ಕಡೆಯಿಂದ ವಿನಯದ ಉತ್ತರ ಬಂತು, ಉಳಿದ ಕಡೆಯಿಂದ ಅದೂ ಇಲ್ಲ. ಅಷ್ಟರಲ್ಲಿ ಮಗಳು ಕೇತಕಿ ಹುಟ್ಟಿದಳು. ಅವರ ಊರು ಟೊಲೀಡೊದಿಂದ ನಲವತ್ತು ಮೈಲಿ ಆಚೆ, ಮಿಶಿಗನ್ ಗಡಿ ದಾಟಿದರೆ ಸಿಗುವ ಒಂದು ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಇದು ಗೊತ್ತಿದ್ದದ್ದು ಮನೆಯ ಮೂವರಿಗೆ. ಈಗ ಇಬ್ಬರಿಗೆ.

ಭಸೀನ್ ಅತ್ತ ಹೋದಮೇಲೆ ಕೇತಕಿ ತಾಯಿಯ ಹತ್ತಿರ ಬಂದಳು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಅಡ್ಡಾದಿಡ್ಡಿ ಮಾತು ಅವಳಿಗೆ ಆಗದು.

"ಹೇಳಿಬಿಡು ಮಮ್ಮಿ."

"ಇವತ್ತಾ?"

"ಇನ್ಯಾವತ್ತು? ಇವತ್ತು ಸುಮ್ಮನಿದ್ರೆ ಅವರ ಹೆಸರಲ್ಲಿ ಪ್ರತಿ ವರ್ಷ ಸುಳ್ಳು ಹೇಳ್ತಾರೆ. ಸಣ್ಣೋಳಿದ್ದಾಗಿಂದ ನಂಗೆ ಸಾಕಾಗಿದೆ. ವರ್ಷಕ್ಕೆ ಕನ್ವೆನ್ಷನ್ನಿನ ಮೂರು ದಿನ ಡಾಕ್ಟರ್ ಮಗಳು, ಉಳಿದ ದಿನ ಯಾರಾದ್ರೂ ಅಪ್ಪ ಏನ್ಮಾಡ್ತಾರೆ ಅಂದ್ರೆ ಮಾತು ತಿರುಗಿಸು."

"ನಿಮ್ಮಪ್ಪನ ಮಾನ ನಾನು ನೋಡ್ಕೋತೀನಿ" ಎಂದು ಮಂದಾಬೆನ್ ಗದರಿದರು. ಹೇಗೆ ನೋಡಿಕೊಳ್ಳುವುದೋ ಅವರಿಗೇ ತಿಳಿದಿರಲಿಲ್ಲ.

ಏಪ್ರಿಲ್ ಬಂದಿದ್ದರೂ ಹೊರಗೆ ಹಿಮ ಉದುರುತ್ತಿತ್ತು. ಬಿಳಿ ಕುರ್ತಾದ ಮೇಲೆ ದಪ್ಪ ಜಾಕೀಟು ಹೊದ್ದವರು ಒಬ್ಬೊಬ್ಬರಾಗಿ ಬಂದು, ಬೂಟು ಒರೆಸಿ, ಹೂವಿನ ತಟ್ಟೆಯಿಂದ ಎರಡು ಎಸಳು ತೆಗೆದುಕೊಂಡು ಸಾಲಿಗೆ ನಿಲ್ಲುತ್ತಿದ್ದರು. ಹನ್ನೆರಡಕ್ಕೆ ಅಂತ್ಯಕ್ರಿಯೆಯ ಹಾಲ್ ಬಿಟ್ಟುಕೊಡಬೇಕಾದ್ದರಿಂದ ಪುರೋಹಿತ ಮಹಾರಾಜ್ ಮಂತ್ರದ ನಡುವೆ ಗಡಿಯಾರ ನೋಡುತ್ತಿದ್ದರು. ಮುನ್ನೂರು ಜನರಲ್ಲಿ ಇನ್ನೂರಕ್ಕೆ ಕಡಿಮೆಯಿಲ್ಲದೆ ಡಾಕ್ಟರುಗಳು. ಡಾಕ್ಟರುಗಳು ಸಾವಿಗೆ ಬಂದರೆ ಸುಮ್ಮನೆ ಕಣ್ಣೀರು ಹಾಕಿ ಹೋಗುವುದುಂಟೆ? ಮೂರನೆಯ ಸಾಲಿನಲ್ಲಿ ಆಗಲೇ ಕಾಯಿಲೆಯ ವಿಚಾರಣೆ ಶುರುವಾಗಿತ್ತು.

"ಹೃದಯವೇ. ಇನ್ನೇನು? ಹೋದ ವರ್ಷವೇ ಮುಖ ಊದಿತ್ತು."

"ಅದು ಹೃದಯದ ಊತ ಅಲ್ಲಾರೀ, ಥೈರಾಯ್ಡ್."

"ನಿಮಗೆ ಚರ್ಮ ಬಿಟ್ಟು ಬೇರೆ ಗೊತ್ತಾ? ಸುಮ್ಮನಿರಿ."

"ಫೋನ್ ಹಿಡಿದೇ ಹೋದ್ರಂತೆ. ಹೋಟೆಲ್ ಅಡುಗೆಮನೆಯೋರ ಹತ್ರ ಜಗಳ ಆಡ್ತಾ ಇದ್ರಂತೆ, ನಮ್ಮ ಅಡುಗೆ ಮಹಾರಾಜನನ್ನ ಒಳಗೆ ಬಿಡಬೇಕು, ಉಂಧಿಯು ಪಲ್ಯ ನಿಮ್ಮೋರ ಕೈಲಿ ಆಗಲ್ಲ ಅಂತ."

"ಬಿಟ್ರಂತಾ?"

"ಯಾರಿಗೆ ಗೊತ್ತು? ಅದು ತಿಳಿದಿದ್ದೋರು ಅಲ್ಲಿ ಮಲಗಿದಾರೆ."

ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಸಮ್ಮೇಳನಕ್ಕೆ ಇನ್ನು ಆರೇ ವಾರ. ಒಂಬೈನೂರು ಜನ ಬರುವವರಿದ್ದರು. ದುಃಖವೂ ಇತ್ತು, ಇನ್ನು ನಡೆಸುವವರು ಯಾರೆಂಬ ಆತಂಕವೂ ಇತ್ತು. ಯಾವ ವಿಮಾನಕ್ಕೆ ಯಾರು ಕಾರು ಒಯ್ಯಬೇಕು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಎಷ್ಟು, ಕಿವಿ ಕೇಳದ ಹಿರಿಯರಿಗೆ ಯಾವ ಮೇಜು, ಮಕ್ಕಳ ಮದುವೆ ಮಾತುಕತೆಯ ಕೋಣೆಗೆ ಯಾರನ್ನು ಕಾವಲು ಕೂರಿಸಬೇಕು, ಎಲ್ಲ ದಿನಕರಭಾಯ್ ತಲೆಯಲ್ಲಿತ್ತು. ಒಂದು ವರ್ಷ ಉದ್ಘಾಟನೆಗೆ ನೂರೆಂಟು ದೀಪ ಹಚ್ಚಿದಾಗ ಹೊಗೆಗೆ ಗಂಟೆ ಬಾರಿಸಿ ಎಂಟು ನೂರು ಜನ ರೇಷ್ಮೆ ಉಡುಪಿನಲ್ಲಿ ಬೀದಿಗೆ ಓಡಿದ್ದರು. ಮರುವರ್ಷದಿಂದ ಅಗ್ನಿಶಾಮಕದ ಅಧಿಕಾರಿಯನ್ನೇ ಮುಖ್ಯ ಅತಿಥಿ ಮಾಡಿ, ಮೊದಲ ದೀಪ ಅವನ ಕೈಯಲ್ಲೇ ಹಚ್ಚಿಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

"ತೊಂಬತ್ನಾಲ್ಕರ ಊಟದ ದಿನ ನೆನಪಿದೆಯಾ?" ಎಂದರು ಫೋರ್ಟ್ ವೇನ್‌ನ ಗಾಡೇಕರ್. ಸಮ್ಮೇಳನದಲ್ಲಿ ಅವರನ್ನು ಎಲ್ಲರೂ ಕಿಡ್ನಿ ಗಾಡೇಕರ್ ಎನ್ನುತ್ತಿದ್ದರು. ಅವರ ಗಂಟಲು ದೊಡ್ಡದು, ನಗು ಅದಕ್ಕಿಂತ ದೊಡ್ಡದು. "ಬಡಿಸೋ ಹುಡುಗಿ ದಮ್ಮು ಹತ್ತಿ ಬಿದ್ದುಬಿಟ್ಲು. ನಾಲ್ಕು ನೂರು ಡಾಕ್ಟರು! ಒಬ್ಬ ನಾಡಿ ಹಿಡಿದ, ಒಬ್ಬ ಗಾಳಿ ಬಿಡಿ ಅಂದ, ಮನಶ್ಶಾಸ್ತ್ರದೋನು ಹೆದರಬೇಡಮ್ಮ ಅಂದ. ಅಂಜಾರಿಯಾ ಪಂಕ್ತಿ ಬಿಟ್ಟು ಬಂದ, ಎರಡು ಬೆರಳಲ್ಲಿ ಗದ್ದ ಎತ್ತಿದ, ಹೋಟೆಲಿನ ಪ್ರಥಮ ಚಿಕಿತ್ಸೆ ಪೆಟ್ಟಿಗೇಲಿದ್ದ ಗಾಳಿ ಊದೋ ರಬ್ಬರ್ ಚೀಲ ಹಿಡಿದು ಹತ್ತು ನಿಮಿಷ ಉಸಿರು ಕೊಟ್ಟ. ಅವನೊಬ್ಬನೇ ಕಣ್ರೀ ಅವತ್ತು ಡಾಕ್ಟರು. ನಾವೆಲ್ಲ ಜಿಲೇಬಿ ಹಿಡ್ಕೊಂಡು ನಿಂತಿದ್ವಿ."

"ಮೆಲ್ಲಗೆ ಮಾತಾಡ್ರೀ" ಎಂದು ಅವರ ಹೆಂಡತಿ ಶುಭಾಂಗಿ ತೋಳು ಚಿವುಟಿದರು.

*

ಮೊದಲ ಸಮ್ಮೇಳನ ೧೯೮೬ರಲ್ಲಿ. ನವರಾತ್ರಿಯ ಗರ್ಬಾ ಕುಣಿತದಲ್ಲಿ ಪರಿಚಯವಾದ ಯಾರೋ ಹಿರಿಯ ಡಾಕ್ಟರು ದಿನಕರಭಾಯಿಯನ್ನು ಕೆಲಸಕ್ಕೆ ಎಳೆದುಕೊಂಡಿದ್ದರು. ಜಾಮ್‌ನಗರದ ಎಂ.ಬಿ.ಬಿ.ಎಸ್. ಎಂದರೆ ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳಿದರೂ, "ಮಿಶಿಗನ್ ಕಡೆ ಆಸ್ಪತ್ರೆ, ಉಸಿರಾಟದ ವಿಭಾಗ" ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸಮ್ಮೇಳನದ ಬೆಳಿಗ್ಗೆ ಬ್ಯಾಡ್ಜುಗಳ ಪೆಟ್ಟಿಗೆ ಬಿಚ್ಚಿದರೆ ಪ್ರತಿ ಗಂಡಸಿನ ಹೆಸರಿನ ಹಿಂದೆ ಡಾಕ್ಟರ್, ಪ್ರತಿ ಹೆಂಗಸಿನ ಹೆಸರಿನ ಹಿಂದೆ ಶ್ರೀಮತಿ. ಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಅದರಲ್ಲಿ ತಪ್ಪೇ ಕಂಡಿರಲಿಲ್ಲ. ಮೊದಲು ಬಂದದ್ದು ಡೇಟನ್‌ನ ಅನಸೂಯಾ ಕೊಲ್ಲಿಪರ, ಹೊಟ್ಟೆ ಕೊಯ್ಯುವ ಸರ್ಜನ್.

"ಏನಿದು? ಇವರು ಬ್ಯಾಂಕಲ್ಲಿ ಗುಮಾಸ್ತ, ಇವರು ಡಾಕ್ಟರು! ನಾನು ದಿನಕ್ಕೆ ಮೂರು ಹೊಟ್ಟೆ ಕೊಯ್ತೀನಿ, ನಾನು ಶ್ರೀಮತಿ! ಯಾರಪ್ಪಾ ಇದನ್ನ ಬರೆದ ಮಹಾನುಭಾವ? ಕರೀರಿ, ಅವನದೂ ಕೊಯ್ತೀನಿ."

ಪಕ್ಕದಲ್ಲಿ ಅವರ ಗಂಡ ಬಹಳ ಸಂತೋಷದಿಂದ ಎದೆಯ ಬ್ಯಾಡ್ಜು ನೋಡಿಕೊಳ್ಳುತ್ತಿದ್ದರು.

ದಿನಕರಭಾಯ್ ಕ್ಷಮೆ ಕೇಳಿ, ಹೋಟೆಲಿನವರಿಂದ ಟೈಪ್‌ರೈಟರ್ ಬೇಡಿ ತಂದು ಮೇಜಿನ ಹಿಂದೆ ಕೂತರು. ಮಂದಾಬೆನ್ ಕತ್ತರಿ ಹಿಡಿದು ಪಕ್ಕದಲ್ಲಿ ಕೂತರು. ತಿದ್ದಬೇಕಾದದ್ದು ಅರವತ್ತೆರಡು ಹೆಂಗಸರದು, ನಲವತ್ತು ಚಿಲ್ಲರೆ ಗಂಡಸರದು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಸರಿಯಾಯಿತು. ಕೊನೆಗೆ ಪೆಟ್ಟಿಗೆಯ ತಳದಲ್ಲಿ ಒಂದೇ ಉಳಿದಿತ್ತು, ಅವರದೇ. ದಿನಕರಭಾಯ್ ಅದನ್ನು ಎತ್ತಿಕೊಂಡು ನೋಡಿದರು. ಟೈಪ್‌ರೈಟರಿಗೆ ಹೊಸ ಕಾಗದ ಸೇರಿಸಿದರು. ಮಂದಾಬೆನ್ ಕತ್ತರಿ ಹಿಡಿದು ಕಾದರು.

"ಇವತ್ತೊಂದಿನ ಇರಲಿ ಬಿಡು" ಎಂದರು ದಿನಕರಭಾಯ್. ಹೆಂಡತಿಯ ಮುಖ ನೋಡಲಿಲ್ಲ.

ಮಂದಾಬೆನ್ ಬೇಡ ಎನ್ನಬಹುದಿತ್ತು. ಅರವತ್ತು ಕಾಗದ ಅಂಚೆಗೆ ಹಾಕಿದವರು ಅವರೇ, ಆ ಮುಖ ಪ್ರತಿ ಉತ್ತರಕ್ಕೂ ಹೇಗೆ ಸಣ್ಣದಾಗುತ್ತ ಬಂದಿತ್ತೆಂದು ಕಂಡವರು ಅವರೇ. ಎದ್ದು ಬ್ಯಾಡ್ಜನ್ನು ತಮ್ಮ ಕೈಯಿಂದಲೇ ಗಂಡನ ಕೋಟಿಗೆ ಚುಚ್ಚಿದರು.

*

"ಮಂದಾ, ಆ ಹೆಂಗಸು ಯಾರು?" ಎಂದು ಕೇಳಿದರು ಅನಸೂಯಾ. ಈಗ ಅವರಿಗೆ ಎಂಬತ್ತೊಂದು, ಕೈಯಲ್ಲಿ ಕೋಲು.

ಬಾಗಿಲ ಬಳಿ ಕಪ್ಪು ಕೋಟಿನ, ಎತ್ತರದ ಕರಿಯ ಹೆಂಗಸೊಬ್ಬಳು ನಿಂತು ಮೇಜಿನ ಮೇಲಿನ ಹೆಸರನ್ನು ಎರಡೆರಡು ಸಲ ಓದುತ್ತಿದ್ದಳು. ಮಂದಾಬೆನ್ ಗುರುತು ಹಿಡಿದರು. ಲೊರೆಟ್ಟಾ. ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ದಿನಕರಭಾಯಿಯ ಜೊತೆಯ ಪಾಳಿಯವಳು. ನೋಡಿದ್ದು ಎರಡೇ ಸಲ, ಆದರೆ ಪ್ರತಿ ಕ್ರಿಸ್‌ಮಸ್‌ಗೆ ಅವಳ ಮನೆಯ ಕೇಕು ಬರುತ್ತಿತ್ತು, ಇವರ ಮನೆಯ ಚಕ್ಕುಲಿ ಹೋಗುತ್ತಿತ್ತು.

ಲೊರೆಟ್ಟಾ ನೇರ ಬಂದು ಮಂದಾಬೆನ್‌ರನ್ನು ಅಪ್ಪಿಕೊಂಡಳು.

"ಅಕ್ಕಾ, ತಪ್ಪು ಜಾಗಕ್ಕೆ ಬಂದೆ ಅಂದ್ಕೊಂಡೆ. ಬಾಗಿಲ ಹತ್ರ ಡಾಕ್ಟರ್ ಅಂಜಾರಿಯಾ ಅಂತ ಬರೆದಿದೆ. ಅವರು ಅಣ್ಣನೋ ತಮ್ಮನೋ? ನಾನು ಬಂದಿರೋದು ನಮ್ಮ ದಿನಕರ್‌ಗೆ, ನಮ್ಮ 'ಡೀ'ಗೆ."

ಮಂದಾಬೆನ್ ಅವಳ ಕೋಟಿನ ಮೇಲಿನ ಹಿಮ ಕೊಡವಿದರು.

"ಕೊನೇಲಿ ಎರಡು ಮಾತಾಡಬಹುದಾ? ನಮ್ಮ ವಾರ್ಡಿನ ಹುಡುಗರೆಲ್ಲ ಹೇಳಿ ಕಳಿಸಿದಾರೆ. ನನ್ನ ಮೊದಲನೇ ವಾರ ಒಂದು ಮುದುಕಿಗೆ ಉಸಿರು ನಿಂತುಹೋಯ್ತು. ನಾನು ಗಾಬರೀಲಿ ರಬ್ಬರ್ ಚೀಲ ಹಿಸುಕ್ತಾ ಇದ್ದೆ. ಡೀ ಹಿಂದೆ ನಿಂತ್ಕೊಂಡು ಎರಡು ಬೆರಳು ಸಾಕು, ಗದ್ದ ಎತ್ತು, ಅವಸರ ಮಾಡಬೇಡ ಅಂದ್ರು. ಆ ಮುದುಕಿ ಮತ್ತೆ ಆರು ವರ್ಷ ಬದುಕಿದ್ಲು. ಅಷ್ಟು ಹೇಳಿ ಇಳಿದುಬಿಡ್ತೀನಿ."

"ಕೂತ್ಕೋ ಲೊರೆಟ್ಟಾ. ಹೇಳ್ತೀನಿ" ಎಂದು ಮಂದಾಬೆನ್ ಅವಳನ್ನು ಕೇತಕಿಯ ಪಕ್ಕದಲ್ಲಿ ಕೂರಿಸಿದರು. ಅಲ್ಲಿಂದ ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಅನಸೂಯಾ ಅವರ ತೋಳು ಹಿಡಿದು ಹೂವಿನ ಬುಟ್ಟಿಗಳ ಮರೆಗೆ ಕರೆದೊಯ್ದರು.

"ಅನಸೂಯಕ್ಕ, ನಿಮಗೊಂದು ಹೇಳಬೇಕು. ಅವರು..."

"ಗೊತ್ತಮ್ಮಾ." ಅನಸೂಯಾ ಕೋಲಿನ ಮೇಲೆ ಎರಡೂ ಕೈ ಊರಿದರು. "ತೊಂಬತ್ತೊಂಬತ್ತರಲ್ಲಿ ಒಂದು ತುರ್ತು ಕೇಸಿಗೆ ಆ ಆಸ್ಪತ್ರೆಗೆ ನನ್ನ ಕರೆಸಿದ್ರು. ಯಂತ್ರ ತಳ್ಕೊಂಡು ಬಂದೋನು ಅಂಜಾರಿಯಾ. ಟೆಕ್ನೀಷಿಯನ್‌ಗಳ ನೀಲಿ ಬಟ್ಟೆ. ನನ್ನ ನೋಡಿ ಗೋಡೆ ಥರ ನಿಂತ. ನಾನು ಉಸಿರಿನ ಕೊಳವೆ ಕೇಳಿದೆ, ಕೊಟ್ಟ. ಸರಿಯಾದ ಅಳತೇದೇ ಕೊಟ್ಟ, ನಾನು ಕೇಳಿದ್ದು ತಪ್ಪಿತ್ತು. ಆ ವರ್ಷ ಕನ್ವೆನ್ಷನ್ನಲ್ಲಿ ಬೇಕಂತಲೇ ಜೋರಾಗಿ ಡಾಕ್ಟರ್ ಸಾಬ್ ಅಂತ ಕೂಗಿದೆ."

"ನನಗೆ ಹೇಳ್ಲೇ ಇಲ್ಲ ಅವರು."

"ಗಂಡಸರು ಎಲ್ಲಿ ಹೇಳ್ತಾರೆ? ಈಗ ನನ್ನ ಮಾತು ಕೇಳು. ಆ ಹುಡುಗೀನ ಉಪಾಯವಾಗಿ ಊಟದ ಹಾಲಿಗೆ ಕಳಿಸು. ಭಸೀನ್ ಓದಲಿ. ನಂಬರು ಸಿಗಲಿಲ್ಲ ಅಂತ ಹೇಳಿ ನಾನು ನೋಡ್ಕೋತೀನಿ. ಸತ್ತೋರ ಬಟ್ಟೆ ಬಿಚ್ಚಬಾರದು ಮಂದಾ."

*

ಆ ನಂಬರಿನ ಜಗಳ ಮಂದಾಬೆನ್‌ಗೆ ಹೊಸದಲ್ಲ. ಹೋದ ಜನವರಿಯಲ್ಲಿ ಭಸೀನ್ ಅಧ್ಯಕ್ಷರಾದ ಹೊಸತರಲ್ಲಿ ನೋಂದಣಿ ಅರ್ಜಿಗೆ ಲೈಸೆನ್ಸ್ ನಂಬರಿನ ಕಾಲಂ ಸೇರಿಸಲು ಹೊರಟಿದ್ದರು. ಬೇರೆಲ್ಲ ಸಂಘಗಳಲ್ಲಿ ಇದೆ, ನಮ್ಮಲ್ಲೇ ಇಲ್ಲ ಎನ್ನುವುದು ಅವರ ವಾದ. ಯಾರೊಂದಿಗೂ ಗಟ್ಟಿಯಾಗಿ ಮಾತಾಡದ ದಿನಕರಭಾಯ್ ಅವತ್ತು ಫೋನಿನಲ್ಲಿ ಕೂಗಾಡಿದ್ದರು.

"ಊಟಕ್ಕೆ ಕರೆದೋರ ಗೋತ್ರ ಕೇಳ್ತೀರಾ ನೀವು? ಹಾಲ್ ನಂದು, ಮೇಜು ನಂದು, ಬ್ಯಾಡ್ಜು ನಂದು. ಆ ಕಾಲಂ ಬಂದ್ರೆ ನಾನು ಬರಲ್ಲ."

ಭಸೀನ್ ಒಂದು ವರ್ಷಕ್ಕೆ ಮುಂದೂಡಿದರು. ಫೋನು ಇಟ್ಟ ಮೇಲೆ ಮಂದಾಬೆನ್ ಹೇಳಿದ್ದರು: "ಎಪ್ಪತ್ತಾರಾಯ್ತು. ಇನ್ನೂ ಎಷ್ಟು ದಿನ ಹೆದರ್ತೀರಾ? ಬಿಟ್ಟುಬಿಡಿ ಇದನ್ನೆಲ್ಲ."

ದಿನಕರಭಾಯ್ "ನನಗೋಸ್ಕರ ಅಂದ್ಕೊಂಡ್ಯಾ?" ಎಂದಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ. ಮಂದಾಬೆನ್ ಅದನ್ನು ಗಂಡಸಿನ ಹಮ್ಮು ಎಂದುಕೊಂಡು ಸುಮ್ಮನಾಗಿದ್ದರು.

*

ಭಸೀನ್ ಮೈಕಿನ ಮುಂದೆ ಕಾಗದ ಬಿಡಿಸಿದರು. ಓದಿದ್ದು ಚೆನ್ನಾಗಿತ್ತು, ಕಣ್ಣೀರಿನಿಂದಲೇ ಓದಿದರು. ಮೂವತ್ತಮೂರು ಸಮ್ಮೇಳನ, ಅಗ್ನಿಶಾಮಕದವನ ಕತೆ, ಬಡಿಸುವ ಹುಡುಗಿಯ ಕತೆ. ನಡುನಡುವೆ ಜನ ನಕ್ಕರು, ಮೂಗು ಒರೆಸಿಕೊಂಡರು. ಆಮೇಲೆ, "ತಮ್ಮ ಸುದೀರ್ಘ ವೈದ್ಯವೃತ್ತಿಯಲ್ಲಿ ಸಾವಿರಾರು ರೋಗಿಗಳಿಗೆ ಚಿಕಿತ್ಸೆ ನೀಡಿದ ಹಿರಿಯ ಶ್ವಾಸಕೋಶ ತಜ್ಞರು" ಎಂಬ ಸಾಲು ಬಂತು.

ಮಂದಾಬೆನ್ ತಲೆಯೆತ್ತಿದರು. ಲೊರೆಟ್ಟಾ ಕೇತಕಿಯನ್ನು ನೋಡಿದಳು. ಕೇತಕಿ ನೆಲ ನೋಡುತ್ತಿದ್ದಳು. ಲೊರೆಟ್ಟಾ ಮೆಲ್ಲನೆ ತನ್ನ ಕೈಯಲ್ಲಿದ್ದ ಸಣ್ಣ ಚೀಟಿಯನ್ನು ಮಡಿಸಿ ಕೋಟಿನ ಜೇಬಿಗೆ ಸೇರಿಸಿದಳು. ಯಾರೂ ಹೇಳದೆಯೇ ಅವಳಿಗೆ ಅರ್ಥವಾಗಿತ್ತು. ಇನ್ನು ಅವಳು ಮಾತಾಡುವುದಿಲ್ಲ, ಅವಳನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ. ಗಂಡನ ಮಾನ ಉಳಿಯಿತು.

ಆದರೆ ಮಂದಾಬೆನ್‌ಗೆ ಸಮಾಧಾನದ ಬದಲು ಸಿಟ್ಟು ಬಂತು. ಮೂವತ್ತೊಂದು ವರ್ಷ ಹಿಮದಲ್ಲಿ ನಲವತ್ತು ಮೈಲಿ ಹೋಗಿ ಬಂದ, ಬೆಳಿಗ್ಗೆ ಏಳಕ್ಕೆ ಬಂದು ಬೂಟು ಬಿಚ್ಚುವಾಗಲೂ "ಇವತ್ತು ಹನ್ನೆರಡನೇ ಬೆಡ್ಡಿನೋನು ತಾನೇ ಉಸಿರಾಡಿದ ಮಂದಾ" ಎನ್ನುತ್ತಿದ್ದ ಆ ಮನುಷ್ಯ ಈ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅವನನ್ನು ಬಲ್ಲವಳು ಒಬ್ಬಳೇ ಬಂದಿದ್ದಳು, ಅವಳ ಬಾಯಿಗೂ ಬೀಗ ಬಿತ್ತು.

ಅವರು ಎದ್ದರು. ಅನಸೂಯಾ ಸೆರಗು ಹಿಡಿದರು, ಮಂದಾಬೆನ್ ಬಿಡಿಸಿಕೊಂಡರು.

"ಭಸೀನ್ ಭಾಯ್, ಸ್ವಲ್ಪ ಜಾಗ ಕೊಡಿ."

ಮೈಕು ಅವರಿಗೆ ಎತ್ತರವಾಯಿತು. ಭಸೀನ್ ಬಗ್ಗಿಸಿ ಕೊಟ್ಟರು.

"ನಂಗೆ ಭಾಷಣ ಬರಲ್ಲ. ಭಸೀನ್ ಭಾಯ್ ಪ್ರೀತಿಯಿಂದ ಬರೆದಿದಾರೆ. ಆದ್ರೆ ಈಗ ಓದಿದ್ರಲ್ಲ, ಆ ತಜ್ಞರು ನನ್ನ ಗಂಡ ಅಲ್ಲ. ನನ್ನ ಗಂಡನಿಗೆ ಈ ದೇಶದಲ್ಲಿ ಲೈಸೆನ್ಸ್ ಇರಲಿಲ್ಲ. ಪರೀಕ್ಷೆ ಪಾಸು ಮಾಡಿದ್ರು, ಯಾರೂ ಕರೀಲಿಲ್ಲ. ಉಸಿರಾಟದ ಯಂತ್ರ ನೋಡ್ಕೊಳ್ಳೋ ಟೆಕ್ನೀಷಿಯನ್ ಆಗಿದ್ರು, ಮೂವತ್ತೊಂದು ವರ್ಷ. ಮೊದಲನೇ ಸಲ ಬ್ಯಾಡ್ಜಲ್ಲಿ ಡಾಕ್ಟರ್ ಅಂತ ತಪ್ಪಾಗಿ ಬಂತು, ಅವರು ತಿದ್ದಲಿಲ್ಲ. ನಾನೂ ತಿದ್ದಿಸಲಿಲ್ಲ, ನಾನೇ ಚುಚ್ಚಿದೆ. ತಪ್ಪು ಇಬ್ಬರದೂ. ಉಪನ್ಯಾಸಕ್ಕೆ ಬೇರೆ ಹೆಸರು ನೋಡ್ಕೊಳಿ. ಇಲ್ಲಿ ಲೊರೆಟ್ಟಾ ಅಂತ ಬಂದಿದಾಳೆ, ಅವರ ಜೊತೆ ಕೆಲಸ ಮಾಡಿದೋಳು. ಅವರು ಏನು ಮಾಡ್ತಿದ್ರು ಅಂತ ಅವಳು ಹೇಳಲಿ. ಅದು ನಿಜ."

ಮಹಾರಾಜ್ ಗಡಿಯಾರ ನೋಡುವುದನ್ನು ಮರೆತರು. ಭಸೀನ್ ಮುಖ ಕೆಂಪಾಗಿತ್ತು, ಸಿಟ್ಟಿಗೋ ನಾಚಿಕೆಗೋ ತಿಳಿಯುವಂತಿರಲಿಲ್ಲ. ಮಂದಾಬೆನ್‌ಗೆ ತಾವು ಮಾಡಿದ್ದು ತಪ್ಪೆನ್ನಿಸಿತು. ಮುನ್ನೂರು ಜನರ ಮುಂದೆ ಮಲಗಿದವನ ಬಟ್ಟೆ ಬಿಚ್ಚಿದೆನಲ್ಲ ಎಂದುಕೊಂಡರು.

ಮೂರನೆಯ ಸಾಲಿನಲ್ಲಿ ಗಾಡೇಕರ್ ಎದ್ದು ನಿಂತರು. ಸಿಟ್ಟಾಗಿ ಹೊರಟರೆಂದು ಪಕ್ಕದವರು ದಾರಿ ಕೊಡಲು ಕಾಲು ಸರಿಸಿದರು. ಅವರು ಹೊರಡಲಿಲ್ಲ.

"ಏನಾದ್ರೂ ಹೇಳಬೇಕಾ ಡಾಕ್ಟರ್ ಸಾಬ್?" ಎಂದರು ಭಸೀನ್.

"ಡಾಕ್ಟರ್ ಅಲ್ಲ" ಎಂದರು ಗಾಡೇಕರ್. ಅಷ್ಟು ದೊಡ್ಡ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಯಾರೂ ಕೇಳಿರಲಿಲ್ಲ. "ನಾಗಪುರದಲ್ಲಿ ಓದಿದೆ. ಇಲ್ಲಿ ಡಯಾಲಿಸಿಸ್ ಯಂತ್ರ ತೊಳೆದು ರಿಪೇರಿ ಮಾಡ್ತೀನಿ. ಇಪ್ಪತ್ತೇಳು ವರ್ಷದ ಹಿಂದೆ ನೋಂದಣಿ ಮೇಜಿನ ಹತ್ರ ಅಂಜಾರಿಯಾ ಎಲ್ಲಿ ಕೆಲಸ ಅಂತ ಕೇಳಿದ. ಕಿಡ್ನಿ ವಿಭಾಗ ಅಂದೆ. ನನ್ನ ಮುಖ ನೋಡಿದ, ಒಂಚೂರು ನಕ್ಕ, ಡಾಕ್ಟರ್ ಅಂತ ಟೈಪ್ ಮಾಡಿ ಕೊಟ್ಟ. ಮತ್ತೆ ಯಾವತ್ತೂ ಏನೂ ಕೇಳ್ಲಿಲ್ಲ."

"ಕೂತ್ಕೊಳ್ರೀ" ಎಂದು ಶುಭಾಂಗಿ ಅವರ ಕೋಟಿನ ತುದಿ ಜಗ್ಗಿದರು. "ಜನ ನೋಡ್ತಿದಾರೆ. ಕೂತ್ಕೊಳ್ರೀ, ನಿಮ್ಮ ದಮ್ಮಯ್ಯ."

ಹಿಂದೆ ಕಿಟಕಿಯ ಬಳಿ ಕುರ್ಚಿ ಕಿರುಗುಟ್ಟಿತು. ಕೊಟ್ಟಾಯಂ ಕಡೆಯ ಒಬ್ಬ ಹೆಂಗಸು, ಮಕ್ಕಳ ಡಾಕ್ಟರೆಂದೇ ಎಲ್ಲರೂ ತಿಳಿದಿದ್ದವರು, ಕೈಚೀಲವನ್ನು ಎದೆಗೆ ಅಪ್ಪಿಕೊಂಡು ನಿಂತರು. ಗೋಡೆಯ ಬದಿಯಲ್ಲಿ ಇನ್ನೊಬ್ಬರು. ಕೊನೆಯ ಸಾಲಿನಲ್ಲಿ ಬೆತ್ತದ ಮೇಲೆ ಭಾರ ಹಾಕಿ ನಿಧಾನವಾಗಿ ಏಳುತ್ತಿದ್ದ ಮುದುಕರೊಬ್ಬರು, ಅವರ ಪಕ್ಕದಲ್ಲಿ ಇನ್ನೊಬ್ಬರು. ನನಗೋಸ್ಕರ ಅಂದ್ಕೊಂಡ್ಯಾ ಎಂದು ಜನವರಿಯಲ್ಲಿ ಗಂಡ ಕೇಳಿದ್ದು ಈಗ ನೆನಪಾಯಿತು. ಮಂದಾಬೆನ್ ಮೈಕಿನ ಕಂಬ ಹಿಡಿದುಕೊಂಡು ಒಂದೊಂದೇ ಮುಖ ನೋಡಿದರು. ಅವರೆಲ್ಲ ಪೆಟ್ಟಿಗೆಯ ಕಡೆ ನೋಡುತ್ತಿದ್ದರು.

ಶುಭಾಂಗಿ ಮತ್ತೊಮ್ಮೆ ಜಗ್ಗಿದರು. ಗಾಡೇಕರ್ ಅಲುಗಲಿಲ್ಲ. ಆಕೆ ಸುತ್ತ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಗಂಡನ ಕೋಟಿನ ತುದಿಯನ್ನು ಮುಷ್ಟಿಯಲ್ಲಿ ಹಾಗೆಯೇ ಹಿಡಿದುಕೊಂಡು, ತಾವೂ ಎದ್ದು ನಿಂತರು.